ಅವ್ವ ತಿಕ್ಕಿದ ಆರು ವಾಲ್ವುಗಳು

ನನಗೆ ಗಿಟಾರ್ ಅಷ್ಟಾಗಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ದಾವಣಗೆರೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಗಿರಾಕಿಗಳು ಹರಡಿಹೋದ ಸೀರೆಯನ್ನು ಮಡಚಿ ಮೊದಲಿನಂತೆ ಇಡುವುದರಲ್ಲಿ ನನ್ನದು ಎತ್ತಿದ ಕೈ. ಅದೇ ಕೈ ಗಿಟಾರಿನ ಮೇಲೆ ಬಂದರೆ ತಡವರಿಸುತ್ತದೆ. ಆದರೂ ಹರಿಹರದ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನೇ ಗಿಟಾರಿಸ್ಟ್. ಅವರು ನನ್ನನ್ನು ಇಟ್ಟುಕೊಂಡದ್ದು ನನ್ನ ಹತ್ತಿರವಿದ್ದ ಆಂಪ್ಲಿಫೈಯರ್ ಸಲುವಾಗಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಡಬ್ಬಿ ಇದ್ದವನಿಗೆ ಸ್ಟೇಜಿನ ಮೇಲೆ ಒಂದು ಕುರ್ಚಿ, ಅಷ್ಟೇ.

ಆ ಡಬ್ಬಿಯ ಕತೆ ಹೀಗೆ. ಹರಿಹರದ ಕಾರ್ಖಾನೆಯೊಂದರ ನೌಕರರ ಕ್ಲಬ್ಬು ಮುಚ್ಚಿದಾಗ ಅಲ್ಲಿದ್ದ ಕೇರಂ ಬೋರ್ಡು, ಟೇಬಲ್ ಟೆನಿಸ್ ಮೇಜುಗಳ ಜೊತೆಗೆ ಇದೂ ಹರಾಜಿಗೆ ಬಂತು. ಎತ್ತಲು ಇಬ್ಬರು ಬೇಕು. ಒಳಗೆ ಗಾಜಿನ ವಾಲ್ವುಗಳು. ಹಳೇ ರೇಡಿಯೊಗಳ ಬೆನ್ನಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅವೇ. ಹಿಂದೆ ದೊಡ್ಡವು ಎರಡು, ಮುಂದೆ ಹೆಬ್ಬೆರಳಿನಷ್ಟು ಸಣ್ಣವು ಮೂರು. ಗಿಟಾರಿನ ತಂತಿಯಿಂದ ಬರುವ ಪುಟ್ಟ ದನಿಯನ್ನು ಮೊದಲು ಹಿಡಿದು ದೊಡ್ಡದು ಮಾಡುವವು ಆ ಸಣ್ಣವೇ. ಮುಖದ ಮೇಲೆ ನಾಲ್ಕು ಗುಂಡಿ. ವಾಲ್ಯೂಮ್, ಬಾಸ್, ಟ್ರೆಬಲ್, ಮತ್ತು ಹೆಸರು ಅಳಿಸಿಹೋದ ಇನ್ನೊಂದು. ಸ್ವಿಚ್ ಹಾಕಿದ ಕೂಡಲೇ ಗುಂಯ್ ಎಂಬ ಸದ್ದು ಶುರುವಾದರೆ ಆಫ್ ಮಾಡುವತನಕ ನಿಲ್ಲುತ್ತಿರಲಿಲ್ಲ. ಹದಡಿಯ ಒಂದು ಮದುವೆಯಲ್ಲಿ ಹಿರಿಯರೊಬ್ಬರು, "ಕರೆಂಟ್ ಬಂದೈತಲ್ಲ, ಆ ಜನರೇಟರ್ ಆಫ್ ಮಾಡ್ರಪ್ಪಾ" ಎಂದು ಎರಡು ಸಲ ಹೇಳಿ ಕಳಿಸಿದ್ದರು. ಅಲ್ಲಿ ಜನರೇಟರೇ ಇರಲಿಲ್ಲ.

ಪಾರ್ಟಿ ನಡೆಸುತ್ತಿದ್ದವರು ಹರಿಹರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಸಾಬರು. ಕೀಬೋರ್ಡ್ ನುಡಿಸುತ್ತ ಹಾಡುವವರೂ ಅವರೇ, ಹಾಡು ಕಟ್ಟುವವರೂ ಅವರೇ, ನನ್ನ ಡಬ್ಬಿ ಕೆಟ್ಟರೆ ಬಿಚ್ಚುವವರೂ ಅವರೇ. ಎಲ್ಲರಿಗೂ ಅವರು ಮಾಸ್ಟರ್. ಅವರು ನನ್ನನ್ನು ಸಾವ್ಕಾರ್ರೆ ಎಂದು ಕರೆಯುತ್ತಾರೆ. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ಇನ್ನೂ ಲೆಕ್ಕ ಹಾಕಿಲ್ಲ. ಡ್ರಮ್ಸ್ ಬಾರಿಸುವವರು ನಂದಿಗುಡಿಯ ಗೌಡರು, ಭತ್ತ ಬೆಳೆಯುವವರು. ಎಂಟು ಜನರಿದ್ದ ಪಾರ್ಟಿ ಕರಗುತ್ತ ಕರಗುತ್ತ ನಾವು ಮೂವರಿಗೆ ಬಂದು ನಿಂತಿತು. ಆಮೇಲೆ ಮದುವೆಗಳಿಗೆ ಡಿ.ಜೆ. ಬಂತು, ನಮ್ಮನ್ನು ಕರೆಯುವವರೇ ಇಲ್ಲವಾದರು.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಮಾಸ್ಟರ್ ಫೋನ್ ಬಂತು. ಗೌಡರ ಮಗಳ ಮದುವೆ, ಹರಿಹರದ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ, ಡಿ.ಜೆ. ಬ್ಯಾಡ ಎಂದು ಗೌಡರು ಹಟ ಹಿಡಿದಿದ್ದಾರೆ, ನಾವು ಮೂವರೇ ಬಾರಿಸಬೇಕು ಎಂದರು. ನಾನು ಗಲ್ಲಾದಿಂದ ಎದ್ದು ನಿಂತೆ.

"ನಿಮ್ಮ ಡಬ್ಬಿ ಜೀವಂತ ಐತೇನ್ರಿ ಸಾವ್ಕಾರ್ರೆ?"

"ಐತೆ ಮಾಸ್ಟರ್. ಸ್ವಲ್ಪ ಗುಂಯ್ ಅಂತೈತೆ."

"ಅದು ಯಾವತ್ತು ಅಂದಿಲ್ಲ? ಪೂರಾ ಕೆಟ್ಟಿದ್ರೂ ಚಿಂತಿ ಬ್ಯಾಡ. ಈಗಿನ ಕೀಬೋರ್ಡ್‌ನಾಗೆ ಗಿಟಾರ್ ಸೌಂಡಿಗೇ ಒಂದು ಬಟನ್ ಐತೆ."

ಅವರು ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಮಾತ್ರ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಬಾರಿಸಿದ ನನ್ನ ಜಾಗಕ್ಕೆ ಒಂದು ಬಟನ್ ಸಾಕಂತೆ! ಡಬ್ಬಿ ಕೈಕೊಟ್ಟರೆ ನಾನು ಆರತಕ್ಷತೆಯಲ್ಲಿ ಉಡುಗೊರೆ ಕೊಟ್ಟು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ವಾಪಸು ಬರುವ ನೂರಾರು ಜನರಲ್ಲಿ ಒಬ್ಬ. ಅದು ನನ್ನಿಂದಾಗದ ಮಾತು. ಆ ಡಬ್ಬಿಯನ್ನು ಬೆಳ್ಳಿಯ ಗಂಟೆಯ ಹಾಗೆ ನುಡಿಯುವಂತೆ ಮಾಡಿಯೇ ತೀರುತ್ತೇನೆ ಎಂದು ಶಪಥ ಮಾಡಿ, ಫೋನಿನಲ್ಲೇ ಮೂರು ಹೊಸ ಸಣ್ಣ ವಾಲ್ವುಗಳನ್ನು ತರಿಸಿದೆ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ" ಎಂದು ಹೆಂಡತಿ ಕೊರಿಯರ್ ಪೆಟ್ಟಿಗೆ ನೋಡಿ ಒಳಗೆ ಹೋದಳು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಆ ಮೂರು ಸಣ್ಣ ವಾಲ್ವುಗಳಲ್ಲಿ ಎರಡು ಒಂದು ಜಾತಿಯವು, ಮೂರನೆಯದು ಬೇರೆ ಜಾತಿಯದು. ಎತ್ತರ ಒಂದೇ, ದಪ್ಪ ಒಂದೇ, ಕಾಲು ಒಂಬತ್ತೊಂಬತ್ತೇ. ಯಾವುದನ್ನು ಯಾವ ಗೂಡಿಗೆ ಚುಚ್ಚಿದರೂ ಕೂರುತ್ತದೆ. ಯಾವುದು ಯಾವುದೆಂದು ಹೇಳುವುದು ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಅಚ್ಚಾದ ನಂಬರ್ ಒಂದೇ. ಭಾನುವಾರ ಸಂಜೆ ನಾನು ಹಳೇ ಮೂರನ್ನು ಕಿತ್ತು, ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಎಡಕ್ಕೆ ಹಳೆಯವು, ಬಲಕ್ಕೆ ಹೊಸವು ಎಂದು ಅಚ್ಚುಕಟ್ಟಾಗಿ ಜೋಡಿಸಿಟ್ಟೆ. ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋದೆ.

ಸೋಮವಾರ ನಮ್ಮ ಅವ್ವನಿಗೆ ಬೆಳ್ಳಿ ತಿಕ್ಕುವ ದಿನ. ಎಂಬತ್ತು ದಾಟಿದ್ದಾಳೆ, ಬೇರೆ ಯಾರೂ ಬೆಳ್ಳಿ ಮುಟ್ಟುವ ಹಾಗಿಲ್ಲ. ದೀಪದ ಕಂಬ, ಪಂಚಪಾತ್ರೆ, ಲಿಂಗದ ಕರಡಿಗೆ ಎಲ್ಲವನ್ನೂ ವಿಭೂತಿ ಪುಡಿ ಹಚ್ಚಿ ಮೆತ್ತನೆಯ ಹಳೇ ಸೀರೆಯ ತುಂಡಿನಲ್ಲಿ ಫಳಫಳ ಹೊಳೆಯುವತನಕ ತಿಕ್ಕುತ್ತಾಳೆ. ವಾಲ್ವಿನ ತಲೆಯ ಒಳಭಾಗದಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪ ಇರುತ್ತದೆ, ಅಂಚಿನಲ್ಲಿ ಅದು ಸ್ವಲ್ಪ ಕಂದು. ಅವ್ವನ ಕಣ್ಣಿಗೆ ಅದು ಕರಿ ಹಿಡಿದ ಬೆಳ್ಳಿ.

ಮಧ್ಯಾಹ್ನ ಊಟಕ್ಕೆ ಬಂದೆ. ಮೇಜಿನ ಮೇಲೆ ಪೇಪರ್ ಮಾತ್ರ ಇತ್ತು. ದೇವರ ಮನೆಯಲ್ಲಿ ಆರೂ ವಾಲ್ವುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮುಂದೂ ಒಂದೊಂದು ಮಲ್ಲಿಗೆ ಮೊಗ್ಗು. ಅಷ್ಟು ಸ್ವಚ್ಛವಾದ ಗಾಜನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಒಂದರ ಮೇಲೂ ಒಂದಕ್ಷರ ಉಳಿದಿರಲಿಲ್ಲ.

"ಹೆಂಗೆ ಹೊಳೀತಾವೆ ನೋಡು" ಎಂದಳು ಅವ್ವ. "ಮ್ಯಾಲೆ ಯಾರೋ ಬಿಳೇ ಬಣ್ಣದಾಗ ಗೀಚಿದ್ರು, ಅದೂ ಹೋತು. ಒಳಗಿನ ಕರಿ ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ. ಬೆಳ್ಳಿ ಕಲಬೆರಕಿ ಇರಬೇಕು, ಮೋಸ ಹೋಗೀಯ."

"ಅವ್ವಾ, ಅದು ಗೀಚಿದ್ದಲ್ಲ! ನಂಬರ್ ಅದು, ನಂಬರ್!"

"ನಂಬರ್ ಯಾಕ ಬೇಕು? ಆರು ಅದಾವೆ. ಎಣಿಸಿದ್ರೆ ಗೊತ್ತಾಗಲ್ಲೇನು?"

ನಾನು ಕೂಗಾಡಿದೆ. ಇದನ್ನು ಮುಚ್ಚಿಡುವುದಿಲ್ಲ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅರವತ್ತು ವರ್ಷದಿಂದ ಬೆಳ್ಳಿ ತಿಕ್ಕುತ್ತಿದ್ದೇನೆ, ಒಬ್ಬರೂ ಹೀಗಂದಿರಲಿಲ್ಲ ಎಂದು ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೆ ಹೇಳುವುದನ್ನು ಸೊಸೆಗೆ ಹೇಳುತ್ತಿದ್ದಳು, ನಾನು ಅಲ್ಲೇ ಕೂತಿದ್ದರೂ.

ಆರರಲ್ಲಿ ಯಾವುದು ಹಳೆಯದು, ಯಾವುದು ಹೊಸದು, ಯಾವುದು ಯಾವ ಜಾತಿ, ದೇವರಿಗೇ ಗೊತ್ತು. ದೇವರ ಮುಂದೆಯೇ ನಿಂತಿದ್ದವಲ್ಲ. ನಾನೇ ಮೂರನ್ನು ಆರಿಸಿ ಗೂಡಿಗೆ ಚುಚ್ಚಿ ಸ್ವಿಚ್ ಹಾಕಿ ನೋಡಿದೆ. ಡಬ್ಬಿ ಮೊದಲು ಗುಂಯ್ ಎಂದಿತು, ಆಮೇಲೆ ಊಳಿಟ್ಟಿತು. ನಮ್ಮ ಬಡಾವಣೆ ಸರಸ್ವತಿ ನಗರದ ನಾಯಿಗಳು ಒಂದಾದ ಮೇಲೊಂದು ಉತ್ತರ ಕೊಟ್ಟವು. ಆರತಕ್ಷತೆಗೆ ಇನ್ನು ಹದಿನೈದೇ ದಿನ.

ಮರುದಿನ ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ವಾಲ್ವುಗಳನ್ನು ಊಟದ ಡಬ್ಬಿಯಲ್ಲಿ ಅರಳೆಯ ನಡುವೆ ಇಟ್ಟುಕೊಂಡು ಹರಿಹರಕ್ಕೆ ಹೊರಟೆ. ಮಾಸ್ಟರ್ ಅಂಗಡಿಯಲ್ಲಿ ವಾರ್ನಿಷ್ ವಾಸನೆ. ಗೌಡರೂ ಅಲ್ಲೇ ಇದ್ದರು. ಸುಟ್ಟುಹೋದ ಪಂಪಿನ ಮೋಟಾರ್ ತಂದಿದ್ದರು, ಮುಂದೆ ಮಂಡಕ್ಕಿ ಮಿರ್ಚಿ ಹರಡಿಕೊಂಡು ಕೂತಿದ್ದರು.

"ಬರ್ರಿ ಸಾವ್ಕಾರ್ರೆ, ಕೂಡ್ರಿ" ಎಂದ ಮಾಸ್ಟರ್ ಅರಳೆ ಬಿಡಿಸಿ ನೋಡಿದರು. "ಅರೇ! ಇವನ್ನು ಹೆರಿಗಿ ಆದ ಕೂಡಲೇ ತಂದಂಗೈತಲ್ರಿ. ಮೈಮ್ಯಾಲೆ ಒಂದು ಮಚ್ಚಿನೂ ಇಲ್ಲ."

ಅವ್ವನ ವಿಭೂತಿಯ ಕತೆ ಹೇಳಿದೆ. ಗೌಡರಿಗೆ ಮಂಡಕ್ಕಿ ನೆತ್ತಿಗೇರಿ ಐದು ನಿಮಿಷ ಕೆಮ್ಮಿದರು. ಮಾಸ್ಟರ್ ನಗಲಿಲ್ಲ. ಕಾಲಿಗೆ ಅಂಟಿದ್ದ ವಿಭೂತಿಯನ್ನು ಬ್ರಶ್ಶಿನಿಂದ ತೆಗೆಯುತ್ತ, "ಅಮ್ಮಾರು ಕೆಲಸ ಪಕ್ಕಾ ಮಾಡ್ಯಾರೆ" ಎಂದರು. ಬರಹ ಹೋದರೆ ಹೋಗಲಿ, ಕಿವಿಯಿಂದಲೇ ಆರಿಸೋಣ ಎಂದು ಕೆಲಸಕ್ಕೆ ಕೂತರು.

ಅವರ ಪದ್ಧತಿ ಹೀಗಿತ್ತು. ಬಿಚ್ಚಿದ ಡಬ್ಬಿಯಲ್ಲಿ ಕರೆಂಟು ಇರುವಾಗ ಒಂದೇ ಕೈ ಒಳಗೆ ಹೋಗಬೇಕು, ಇನ್ನೊಂದು ಜೇಬಿನಲ್ಲಿರಬೇಕು, ಎರಡೂ ತಗುಲಿದರೆ ಶಾಕ್ ಎದೆಗೇ ಹೊಡೆಯುತ್ತದೆ. ಲುಂಗಿಗೆ ಜೇಬಿಲ್ಲವಾದ್ದರಿಂದ ಅವರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಒಂದೊಂದು ವಾಲ್ವನ್ನೂ ಮೊದಲ ಗೂಡಿಗೆ ಹಾಕಿ, ಬಿಸಿಯಾದ ಮೇಲೆ ಪೆನ್ಸಿಲ್ಲಿನಿಂದ ಅದರ ತಲೆಯನ್ನು ಮೆಲ್ಲಗೆ ತಟ್ಟುವುದು. ತಟ್ಟಿದ್ದು ಸ್ಪೀಕರಿನಲ್ಲಿ ಟಿಂಗ್ ಎಂದು ಕೇಳಿದರೆ ಅದು ಕೆಟ್ಟದ್ದು, ಅದರ ಕೊರಳಿಗೆ ವೈಂಡಿಂಗಿನ ಕೆಂಪು ದಾರ. ಗುಂಯ್ ಎಂದರೂ ಕೆಂಪು ದಾರವೇ. ಸುಮ್ಮನಿದ್ದರೆ ಬಿಳಿ ದಾರ. ಒಂದು ಗಂಟೆಯಲ್ಲಿ ಮೂರು ಕೆಂಪು, ಮೂರು ಬಿಳಿ ಆದವು. ಆಮೇಲೆ ಬಿಳಿಯವನ್ನು ಅದಲು ಬದಲು ಮಾಡುತ್ತ ನನಗೆ ಒಂದೇ ಸ್ವರಕೂಟವನ್ನು ಬಾರಿಸಲು ಹೇಳಿದರು. ಜೋರಾಗಿ ಕೂಗುವವು ಒಂದು ಜಾತಿ, ಮೆಲ್ಲಗೆ ಮಾತಾಡುವುದು ಇನ್ನೊಂದು ಜಾತಿ. ಅದೂ ಬಗೆಹರಿಯಿತು.

ಇನ್ನು ಗುಂಡಿಗಳು. ಬಾಸ್ ಮೂರಕ್ಕೆ, ಟ್ರೆಬಲ್ ಆರಕ್ಕೆ, ವಾಲ್ಯೂಮ್ ನಾಲ್ಕರ ಮೇಲೆ ಬ್ಯಾಡ ಎಂದು ಮಾಸ್ಟರ್ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದರು. ಹೆಸರಿಲ್ಲದ ನಾಲ್ಕನೆಯದನ್ನು ಏಳಕ್ಕೆ ಇಡಬೇಕು, ದನಿಗೆ ತೂಕ ಬರುತ್ತದೆ, ಇದು ನನ್ನ ಅನುಭವ ಎಂದೆ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ನಾನು ಕಣ್ಣು ಮುಚ್ಚಿ, ಕೂದಲೆಳೆಯಷ್ಟು ಆಚೀಚೆ ತಿರುಗಿಸಿ ಅದನ್ನು ಹೊಂದಿಸುತ್ತಿದ್ದೆ. ಮಾಸ್ಟರ್ ಡಬ್ಬಿಯ ಹೊಟ್ಟೆಯೊಳಗೆ ಬ್ಯಾಟರಿ ಬಿಟ್ಟು ತೋರಿಸಿದರು. ಆ ಗುಂಡಿಯ ಹಿಂದೆ ಒಂದು ವೈರೂ ಇರಲಿಲ್ಲ.

"ಇರ್ಲಿ ಬಿಡ್ರಿ, ಏಳಕ್ಕೇ ಇಡ್ರಿ" ಎಂದರು.

ಮುಚ್ಚಳ ಹಾಕಿ ಸ್ವಿಚ್ ಒತ್ತಿದೆವು. ಸದ್ದೇ ಇಲ್ಲ. ಹತ್ತಿಲ್ಲವೇನೋ ಎಂದು ನಾನು ಬಗ್ಗಿ ನೋಡಿದೆ, ಕೆಂಪು ದೀಪ ಉರಿಯುತ್ತಿತ್ತು. ತಂತಿ ಮೀಟಿದರೆ ನೀರಿನಷ್ಟು ತಿಳಿಯಾದ ದನಿ. ನನ್ನ ಗಿಟಾರಿನಲ್ಲಿ ಆರು ತಂತಿಗಳಿವೆ ಎಂದು ಕಿವಿಗೆ ಗೊತ್ತಾದದ್ದು ಅವತ್ತೇ. ಖುಷಿಗೆ ನನಗೆ ಏನು ಬಾರಿಸಲಿ ಎಂದೇ ತೋಚದೆ, ಮಾಸ್ಟರ್ ಕಟ್ಟಿದ ಹಾಡನ್ನು ಶುರುಮಾಡಿದೆ. ಹೆಣ್ಣುಮಗಳು ಗಂಡನ ಮನೆಗೆ ಹೊರಡುವ ಹಾಡು. ನಾವು ಬಾರಿಸಿದ ಪ್ರತಿ ಮದುವೆಯಲ್ಲೂ ಕೊನೆಗೆ ಅದೇ ಹಾಡು. ಹುಡುಗಿ ಹೊಸಿಲು ದಾಟುವ ಸಾಲು ಬಂತು. ಅಲ್ಲಿ ಹಿಡಿಯಬೇಕಾದ್ದನ್ನು ಹಿಡಿದು ಜೋರಾಗಿ ಮೀಟಿದೆ.

ಏನೋ ಹಲ್ಲು ಕಿರಿದಂತೆ ಕೇಳಿಸಿತು. ಇನ್ನೊಮ್ಮೆ ಮೀಟಿದೆ. ಮತ್ತೆ ಹಾಗೇ.

"ಮಾಸ್ಟರ್, ವಾಲ್ವು ಇನ್ನೂ ಸರಿ ಇಲ್ಲ."

ಮಾಸ್ಟರ್ ಗೌಡರ ಮುಖ ನೋಡಿದರು. ಗೌಡರು ಮಂಡಕ್ಕಿಯಲ್ಲಿ ಮೆಣಸಿನಕಾಯಿ ಹುಡುಕತೊಡಗಿದರು.

"ವಾಲ್ವು ಸರಿ ಐತ್ರಿ" ಎಂದರು ಮಾಸ್ಟರ್. "ಅಲ್ಲಿ ಡಿ ಮೈನರ್ ಬರಬೇಕು. ಅದು ಅಳೋ ಜಾಗ. ನೀವು ಮೇಜರ್ ಹಿಡಿತೀರಿ."

ಎರಡಕ್ಕೂ ವ್ಯತ್ಯಾಸ ಒಂದೇ ಬೆರಳು. ಗಿಟಾರಿನ ಕೊರಳ ಮೇಲೆ ಅಡ್ಡ ಪಟ್ಟಿಗಳಿರುತ್ತವಲ್ಲ, ಅವುಗಳ ನಡುವಿನ ಒಂದೊಂದು ಜಾಗವೂ ಒಂದೊಂದು ಮನೆ. ಕೊನೆಯ ತಂತಿಯ ಮೇಲಿನ ಬೆರಳು ಒಂದು ಮನೆ ಹಿಂದಿದ್ದರೆ ಅಳು, ಮುಂದಿದ್ದರೆ ನಗು. ನಾನು ಯಾವತ್ತೂ ಮುಂದಿನ ಮನೆಯನ್ನೇ ಹಿಡಿಯುತ್ತಿದ್ದೆ. ಹಾಗಾದರೆ ಅಷ್ಟೂ ಮದುವೆಗಳಲ್ಲಿ, ಹೆಣ್ಣಿನ ತಂದೆ ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ನಾನೊಬ್ಬ ಸ್ಟೇಜಿನ ಮೇಲೆ ನಗುತ್ತಿದ್ದೆ!

"ನಿಮಗೆ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ಮೊದಲನೇ ಪ್ರೋಗ್ರಾಮಿಗೇ" ಎಂದರು ಗೌಡರು, ತಲೆ ಎತ್ತದೆ.

"ಮತ್ತೆ ಹೇಳ್ಲಿಲ್ಲ ಯಾಕ?"

"ಹೇಳಬೇಕು ಅಂತ ಸ್ಟೇಜ್ ಹಿಂದೆ ಬಂದ್ವಿ. ನೀವು ಬೆವರು ಒರೆಸ್ಕಂತಾ, ಇವತ್ತು ಆ ಸಾಲು ಹೆಂಗೆ ಬಂತು ಮಾಸ್ಟರ್ ಅಂತ ನಗ್ತಾ ನಿಂತಿದ್ರಿ. ಹೆಂಗೆ ಹೇಳೋದ್ರಿ?" ಮಾಸ್ಟರ್ ಕೆಂಪು ದಾರದ ವಾಲ್ವೊಂದನ್ನು ಎತ್ತಿ ಹಿಡಿದರು. "ಈ ಗುಂಯ್ ತೆಗೆಯೋದು ಹತ್ತು ನಿಮಿಷದ ಕೆಲಸ. ನಿಮ್ಮ ಡಬ್ಬಿ ನನ್ನ ಟೇಬಲ್ಲಿಗೆ ಎಷ್ಟು ಸಲ ಬಂದೈತೆ? ತೆಗೆದ್ರೆ ನಿಮಗೇ ಕೇಳಸ್ತೈತೆ, ಕೇಳಿಸಿದ್ರೆ ನೀವು ಬಿಟ್ಟು ಹೋಗ್ತೀರಿ. ಅದಕ್ಕ ಇರ್ಲಿ ಅಂತ ಬಿಟ್ಟೆ."

ನನಗೆ ಆದ ನಾಚಿಕೆಯನ್ನು ಹೇಳಲಾರೆ. ಗೌಡರ ಪಂಪಿನ ಮೋಟಾರಿನೊಳಗೆ ಜಾಗವಿದ್ದರೆ ಹೊಕ್ಕುಬಿಡುತ್ತಿದ್ದೆ. ಡಬ್ಬಿ ಸಲುವಾಗಿ ನನ್ನನ್ನು ಇಟ್ಟುಕೊಂಡರು ಎಂದುಕೊಂಡಿದ್ದೆ, ಅದಾದರೂ ಒಂದು ಮರ್ಯಾದೆ. ಈಗ ನೋಡಿದರೆ ಕನಿಕರ.

"ಹಳೇದೇ ಹಾಕ್ಲೇನ್ರಿ?" ಎಂದು ಮಾಸ್ಟರ್ ಮೆಲ್ಲಗೆ ಕೇಳಿದರು.

"ಬ್ಯಾಡ್ರಿ. ಸರಿಯಾಗೇ ಬಾರಸ್ತೀನಿ" ಎಂದೆ. ತಾಲೀಮಿಗೆ ಒಂದು ದಿನ ಕೂಡೋಣ ಎಂದೆ. ಈ ವಯಸ್ಸಿಗೆ ಯಾವ ತಾಲೀಮು, ಗೊತ್ತಿರುವ ಹಾಡುಗಳೇ ಅಲ್ಲವೇ ಎಂದು ಇಬ್ಬರೂ ತಳ್ಳಿಹಾಕಿದರು.

ಎರಡು ವಾರ ಮನೆಯಲ್ಲಿ ಅದೊಂದೇ ಕೆಲಸ. ತಲೆಗೆ ತಿಳಿದದ್ದು ಬೆರಳಿಗೆ ತಿಳಿಯಲೊಲ್ಲದು. ಇಪ್ಪತ್ತು ವರ್ಷ ಒಂದೇ ಮನೆಗೆ ಹೋದ ಬೆರಳು ಕಣ್ಣು ತಪ್ಪಿದರೆ ಅಲ್ಲಿಗೇ ಓಡುತ್ತಿತ್ತು. ಬಿಲ್ ಬರೆಯುವಾಗ ಪೆನ್ನಿನ ಮೇಲೆ ಹಿಡಿದು ನೋಡುತ್ತಿದ್ದೆ, ಸೀರೆ ಅಳೆಯುವ ಮೀಟರ್ ಕೋಲಿನ ಮೇಲೆ ಹಿಡಿದು ನೋಡುತ್ತಿದ್ದೆ. ಅವ್ವ ಮಾತು ಬಿಟ್ಟದ್ದನ್ನು ಮರೆತು ಬಂದು ಪಕ್ಕದಲ್ಲಿ ಕೂತಳು.

"ಹಿಂಗ್ಯಾಕ ಅಳೋ ಹಂಗೆ ಬಾರಸ್ತೀ? ಮೊದಲಿಂದು ಚಂದಿತ್ತು."

"ಮೊದಲಿಂದು ತಪ್ಪಂತೆ ಅವ್ವಾ."

"ಯಾರಿಗೆ?" ಎಂದಳು. ನಾನು ಬೆರಳನ್ನು ಮತ್ತೆ ಮೊದಲನೇ ಮನೆಗೆ ಎಳೆದು ತಂದೆ.

ಆರತಕ್ಷತೆಯ ಸಂಜೆ ಮಂಟಪ ತುಂಬಿತ್ತು. ಹೆಣ್ಣಿನ ತಂದೆ ಬಾಗಿಲಲ್ಲಿ ನಿಂತು ಬಂದವರನ್ನು ಕರೆಯಬೇಕು, ಅದು ರೂಢಿ. ಗೌಡರು ಆ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ರೇಷ್ಮೆ ಪಂಚೆ ಮಂಡಿಗೇರಿಸಿ ಡ್ರಮ್ಸ್ ಮುಂದೆ ಕೂತಿದ್ದರು. ಡಬ್ಬಿ ಗುಂಯ್ ಎನ್ನಲಿಲ್ಲ. ನಾನು ನಾಲ್ಕನೇ ಗುಂಡಿಯನ್ನು ಏಳಕ್ಕೆ ಇಟ್ಟೆ. ಏಳೆಂಟು ಹಾಡು ಸಲೀಸಾಗಿ ಮುಗಿದವು. ಒಬ್ಬಿಬ್ಬರು ಕುಣಿದರು ಕೂಡ. ಕೊನೆಗೆ ಆ ಹಾಡು ಬಂತು, ಹೆಣ್ಣು ಗಂಡು ಇಬ್ಬರನ್ನೂ ಸ್ಟೇಜಿನ ಮುಂದೆ ಕೂರಿಸಿದರು.

ನನಗೆ ಮದುಮಗಳೂ ಕಾಣಲಿಲ್ಲ, ಮಂಟಪವೂ ಕಾಣಲಿಲ್ಲ. ಕೊನೆಯ ತಂತಿಯ ಮೊದಲನೇ ಮನೆ ಒಂದೇ ಕಾಣುತ್ತಿತ್ತು. ಹೊಸಿಲು ದಾಟುವ ಸಾಲು ಬಂತು. ಬೆರಳು ಓಡಲು ನೋಡಿತು, ಹಲ್ಲು ಕಚ್ಚಿ ಹಿಂದೆ ಒತ್ತಿ ಹಿಡಿದು ಮೀಟಿದೆ. ಡಿ ಮೈನರ್. ತಿಳಿಯಾಗಿ, ಸರಿಯಾಗಿ, ಇಡೀ ಮಂಟಪಕ್ಕೆ ಕೇಳುವಂತೆ.

ಅದೇ ಕ್ಷಣ ಮಾಸ್ಟರ್ ದನಿ ಅದಕ್ಕೆ ಡಿಕ್ಕಿ ಹೊಡೆಯಿತು. ಕಲ್ಲು ಕಚ್ಚಿದಂತೆ ಅವರ ಮುಖ ಸೊಟ್ಟಗಾಯಿತು. ಹಾಡು ನಿಂತಿತು. ಗೌಡರ ಕೋಲುಗಳು ಗಾಳಿಯಲ್ಲೇ ನಿಂತವು. ಮಾಸ್ಟರ್ ಮೈಕನ್ನು ಬಾಯಿಂದ ಸರಿಸುವುದನ್ನೂ ಮರೆತು ನನ್ನ ಕಡೆ ತಿರುಗಿದರು.

"ಏನ್ ಬಾರಿಸಿದ್ರಿ ಸಾವ್ಕಾರ್ರೆ?"

"ಸರಿಯಾದ್ದು ಮಾಸ್ಟರ್! ನೀವೇ ಹೇಳಿದ್ರಲ್ಲ!"

ಮಾಸ್ಟರ್ ಕಣ್ಣು ಮುಚ್ಚಿ ಬಾಯೊಳಗೇ ಆ ಸಾಲನ್ನು ಗುನುಗಿ ನೋಡಿಕೊಂಡರು. ಒಮ್ಮೆ, ಎರಡು ಸಲ, ಮೂರು ಸಲ. ಮಂಟಪ ಪೂರ್ತಿ ಕಾಯುತ್ತಿತ್ತು.

"ಬರವಲ್ದು" ಎಂದರು. "ನಾನೇ ಕಟ್ಟಿದ್ದು, ನನಗೇ ಬರವಲ್ದು. ನಿಮ್ಮದಕ್ಕೆ ಹೊಂದಲಿ ಅಂತ ಎಂದೋ ರಾಗ ತಿರುವಿಕೊಂಡೀನಿ, ಅದೇ ನಾಲಿಗೆಗೆ ಕೂತೈತೆ."

ಅಷ್ಟರಲ್ಲಿ ಕೆಳಗಿನಿಂದ ಮದುಮಗಳು ಎದ್ದು ನಿಂತಳು. ಗೌಡರ ಮನೆಯ ಅಂಗಳದಲ್ಲಿ ನಮ್ಮ ತಾಲೀಮು ನಡೆಯುವಾಗ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ.

"ಅಂಕಲ್, ನೀವು ಯಾವಾಗ್ಲೂ ಬಾರಸ್ತಿದ್ರಲ್ಲ, ಅದನ್ನೇ ಬಾರಸ್ರಿ. ಇದು ನಮ್ಮ ಹಾಡಲ್ಲ."

ಗೌಡರು ನನ್ನ ಕಡೆ ನೋಡಿ ಹೂಂ ಎಂಬಂತೆ ತಲೆ ಆಡಿಸಿದರು. ಅವರ ಕಣ್ಣಲ್ಲಿ ಆಗಲೇ ನೀರಿತ್ತು. ನನ್ನ ಕಣ್ಣಲ್ಲಿಯೂ ಬಂತು, ಬಂದದ್ದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನು ಬೆರಳನ್ನು ಒಂದು ಮನೆ ಮುಂದಕ್ಕೆ ಸರಿಸಿದೆ. ಗೌಡರು ಕೋಲು ತಟ್ಟಿ ಎಣಿಸಿದರು, ಹಾಡು ಮೊದಲಿನಿಂದ ಶುರುವಾಯಿತು. ಹೊಸಿಲು ದಾಟುವ ಸಾಲಿಗೆ ಬಂದಾಗ ಮೂವರೂ ಒಟ್ಟಿಗೆ, ಒಂದೇ ಏಟಿಗೆ, ತಪ್ಪಿದೆವು.